ಪ್ರಾಸದ ಹಂಗು, ಲಯದ ಋಣ

ಕನ್ನಡ ಕವಿತೆಯು ಛಂದಸ್ಸನ್ನು ತೊರೆದುದರಿಂದಲೇ ಜನರ ನಾಲಗೆಯಿಂದ ಜಾರಿತೆಂದೂ, ಮುಕ್ತಛಂದವೆಂಬುದು ಸಾಲು ಮುರಿದು ಬರೆದ ಗದ್ಯವಲ್ಲದೆ ಮತ್ತೇನಲ್ಲವೆಂದೂ ಮರಳಿ ಮರಳಿ ಕೇಳಿಬರುವ ಆಕ್ಷೇಪವನ್ನು ಕಾರಡ್ಕದಲ್ಲಿ ಕುಳಿತು ಒಪ್ಪುವುದು ನನ್ನಿಂದಾಗದು. ‘ಅಕ್ಷಯ ಕಾವ್ಯ’ವೆಂಬ ದೀರ್ಘ ಕೃತಿಗಾಗಿ 2015ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಗೆ ಪಾತ್ರರಾದ ಕೆ. ವಿ. ತಿರುಮಲೇಶರು 1940ರಲ್ಲಿ ಹುಟ್ಟಿದ್ದು ಇದೇ ಊರಿನಲ್ಲಿ. ಆ ಕಾವ್ಯಕ್ಕೆ ಷಟ್ಪದಿಯ ಅಂಗಿ ತೊಡಿಸಿದ್ದರೆ ಅದರ ಅಲೆದಾಟವೇ ಉಸಿರುಕಟ್ಟುತ್ತಿತ್ತು.

1911ರಲ್ಲಿ ಮಂಜೇಶ್ವರದ ಗೋವಿಂದ ಪೈಗಳು ದ್ವಿತೀಯಾಕ್ಷರ ಪ್ರಾಸವನ್ನು ಕೈಬಿಟ್ಟಾಗಲೂ ಕಾವ್ಯವೇ ಕೆಟ್ಟಿತೆಂದು ಸಂಪ್ರದಾಯನಿಷ್ಠರು ಕನಲಿದರು, ಕೆಟ್ಟದ್ದೇನೂ ಇಲ್ಲ. ಆದರೆ ಪೈಗಳ ಹೆಸರನ್ನು ಮುಂದಿಟ್ಟುಕೊಂಡು ತಮ್ಮ ಶೈಥಿಲ್ಯವನ್ನು ಸಮರ್ಥಿಸಿಕೊಳ್ಳುವವರಿಗೂ ನಾನು ಹೇಳಬೇಕಾದುದುಂಟು: ಅವರು ಬಿಟ್ಟದ್ದು ಪ್ರಾಸವನ್ನು, ಮಾತ್ರಾಗಣಗಳ ನಡೆಯನ್ನಲ್ಲ.

ಕಟ್ಟು ಸಡಿಲಿದರೂ ಲಯವು ಹೇಗೆ ಉಳಿಯುವುದೆಂಬುದನ್ನು ಯಕ್ಷಗಾನ ಕವಿ ಪಾರ್ತಿಸುಬ್ಬನ ಈ ಸೀಮೆಯವರು ಗ್ರಂಥ ನೋಡಿ ತಿಳಿಯಬೇಕಾಗಿಲ್ಲ. ಆಟದಲ್ಲಿ ತಾಳಬದ್ಧವಾದ ಪದವೊಂದನ್ನು ಮುಗಿಸಿ ಭಾಗವತರು ಭಾಮಿನಿಯನ್ನೆತ್ತಿಕೊಂಡರೆಂದರೆ ಸಾಮಾನ್ಯವಾಗಿ ಜಾಗಟೆಯ ಪೆಟ್ಟು ನಿಲ್ಲುತ್ತದೆ. ಮೂರು ನಾಲ್ಕು, ಮೂರು ನಾಲ್ಕು ಮಾತ್ರೆಗಳಾಗಿ ಹೆಣೆದ ಸಾಲು ರಾಗದೊಡನೆ ಹಿಗ್ಗಿ, ಒಂದೆಡೆ ತಡೆದು, ಇನ್ನೊಂದೆಡೆ ಧಾವಿಸಿ, ಮೂರನೆಯ ಪಾದದ ಕೊನೆಯ ಗುರುವಿನ ಮೇಲೆ ಬಂದು ನೆಲೆಗೊಳ್ಳುತ್ತದೆ. ತಾಳ ನಿಂತಿತೆಂದು ಲಯ ಕೆಟ್ಟಿತೆನ್ನುವ ಪ್ರೇಕ್ಷಕನನ್ನು ನಾನಂತೂ ಕಂಡಿಲ್ಲ.

ಛಂದೋಬದ್ಧ ಕವಿಗೆ ಎಲ್ಲಿ ನಿಲ್ಲಬೇಕೆಂಬುದನ್ನು ಗಣವೇ ಹೇಳಿಕೊಡುತ್ತದೆ. ಮುಕ್ತಛಂದದ ಕವಿಗೆ ಆ ಆಸರೆಯಿಲ್ಲದಿರುವುದರಿಂದ, ಪ್ರತಿಯೊಂದು ನಿಲುಗಡೆಗೂ ಆತನೇ ಹೊಣೆ. ಗೋಪಾಲಕೃಷ್ಣ ಅಡಿಗರು 1954ರಲ್ಲಿ ‘ಚಂಡೆಮದ್ದಳೆ’ಯನ್ನು ಕೊಟ್ಟದ್ದು 1946ರ ‘ಭಾವತರಂಗ’ದಲ್ಲಿ ನವೋದಯದ ಗೇಯತೆಯನ್ನು ಸಾಧಿಸಿ ತೋರಿದ ಮೇಲೆ. ಕಿವಿಯನ್ನು ಪಳಗಿಸಿಕೊಳ್ಳದೆ ಬರೆದವನ ಸೋಲನ್ನು ಮುಕ್ತಛಂದದ ತಲೆಗೆ ಕಟ್ಟುವುದು ಅನ್ಯಾಯ. ಹಾಗೆ ನೋಡಿದರೆ ಗಣ ತಪ್ಪದ, ಜೀವವೂ ಇಲ್ಲದ ಷಟ್ಪದಿಗಳಿಗೆ ನಮ್ಮಲ್ಲಿ ಎಂದೂ ಬರವಿರಲಿಲ್ಲ.

ಆದಕಾರಣ ಸ್ಪರ್ಧೆಗಳ ತೀರ್ಪುಗಾರರು ಪ್ರಾಸವನ್ನೆಣಿಸಿ ಅಂಕ ಹಾಕುವ ಮೊದಲು ಕವಿತೆಯನ್ನು ಗಟ್ಟಿಯಾಗಿ ಓದಿಸಿ ಕೇಳಲಿ. ತರಗತಿಯಲ್ಲಿ ಷಟ್ಪದಿಗೆ ಪ್ರಸ್ತಾರ ಹಾಕಿಸುವ ಅಧ್ಯಾಪಕರೇ ತಿರುಮಲೇಶರ ಪುಟವೊಂದನ್ನೂ ತೆರೆದು, ಈ ಸಾಲು ಇಲ್ಲಿಯೇ ಏಕೆ ಮುರಿಯಿತೆಂದು ಮಕ್ಕಳನ್ನು ಪ್ರಶ್ನಿಸಲಿ. ಉತ್ತರ ಹೊಳೆಯುವವರೆಗೆ ಮುಂದಿನ ಸಾಲಿಗೆ ಹೋಗಗೊಡದಿರಲಿ.