ಲೆಕ್ಕ ಓದಲಿ, ಯಂತ್ರ ಅಲುಗಿಸದಿರಲಿ

ಹೊಸೂರು ಸಿಪ್ಕಾಟ್‌ನಂಥ ಕೈಗಾರಿಕಾ ಪ್ರದೇಶಗಳಲ್ಲಿ ಯಂತ್ರದ ಲೆಕ್ಕ ಈಗ ನೇರವಾಗಿ ಆಫೀಸಿನ ಕಂಪ್ಯೂಟರಿಗೆ ಹೋಗುತ್ತದೆ. ಇದಕ್ಕೆ ಬಳಸುವ ಪದ್ಧತಿಗಳಲ್ಲಿ 1996ರಲ್ಲಿ ಬಂದ ಓಪಿಸಿ ಮುಖ್ಯವಾದುದು. ಅದರ ಹೊಸ ರೂಪ ಓಪಿಸಿ ಯುಎ 2008ರದು. ಯಂತ್ರದ ಕಡೆ ಸರ್ವರ್, ಆಫೀಸಿನ ಕಡೆ ಕ್ಲೈಂಟ್. ಕ್ಲೈಂಟ್ ಹಾಕುವವರು ಸರ್ವರಿನ ವಿಳಾಸವನ್ನೂ ಪೋರ್ಟನ್ನೂ (ಸಾಮಾನ್ಯವಾಗಿ 4840) ಕೊಟ್ಟು, ಎರಡೂ ಕಡೆಯ ಸರ್ಟಿಫಿಕೇಟುಗಳನ್ನು ಪರೀಕ್ಷಿಸಿ ಒಪ್ಪಬೇಕು. ಸಂಜೆಯೊಳಗೆ ಕೆಲಸ ಮುಗಿಸುವ ಅವಸರದಲ್ಲಿ, ಭದ್ರತೆ ಬೇಡವೆಂಬ ಆಯ್ಕೆಯನ್ನೇ ಒತ್ತಿ, ಹೆಸರು ಕೇಳದೆ ಯಾರಿಗೂ ಪ್ರವೇಶ ಕೊಟ್ಟು ಹೋಗುವುದುಂಟು.

ಸಹೋದರ ಸಹೋದರಿಯರೇ, ಇದು ಕಂಪ್ಯೂಟರಿನವರ ವಿಷಯ, ನಮಗೇಕೆ ಎನ್ನಬೇಡಿ. ಕ್ಲೈಂಟ್ ಅಂಕಿಗಳನ್ನು ಓದುವುದಷ್ಟೇ ಅಲ್ಲ, ಅನುಮತಿಯಿದ್ದರೆ ಬರೆಯಲೂ ಬಲ್ಲದು. ಹಾಗೆ ಬರೆದದ್ದು ಪಿಎಲ್‌ಸಿಗೆ ಆಜ್ಞೆಯಾಗಬಹುದು. ಡೈ ಸರಿಪಡಿಸಲು ಪ್ರೆಸ್ಸಿನೊಳಗೆ ಕೈಯಿಟ್ಟವರು ಆಫೀಸಿನಲ್ಲಿ ಕುಳಿತವರ ಕಣ್ಣಿಗೆ ಬೀಳುವುದಿಲ್ಲ.

ಆದ್ದರಿಂದ ನಾವು ಕೇಳುವುದಿಷ್ಟು. ಉತ್ಪಾದನೆಯ ಲೆಕ್ಕಕ್ಕೆ ಓದುವ ಅನುಮತಿ ಸಾಕು. ಬರೆಯುವ ಅನುಮತಿ ಅನಿವಾರ್ಯವಾದರೆ ಯಾವ ಟ್ಯಾಗಿಗೆ, ಯಾರಿಗೆ ಎಂಬುದನ್ನು ಸರ್ವರಿನಲ್ಲೇ ಕಟ್ಟುಮಾಡಬೇಕು. ಆ ಪಟ್ಟಿ ಯಂತ್ರದ ಬಳಿ ತಮಿಳು, ಕನ್ನಡ, ತೆಲುಗಿನಲ್ಲಿ ತೂಗಬೇಕು. ಎಮರ್ಜೆನ್ಸಿ ಸ್ಟಾಪ್ ಈ ಸಂಪರ್ಕವನ್ನು ನಂಬಿರಕೂಡದು. ಕೈಹಾಕುವ ಮೊದಲು ಮೇನ್ ಆಫ್ ಮಾಡಿ ಬೀಗ ಹಾಕುವ ಪದ್ಧತಿ ಎಂದಿನಂತೆ ಇರಲೇಬೇಕು.

ಹೊಸ ಸಂಪರ್ಕ ಬೇಡವೆಂದು ನಾವು ಹೇಳುತ್ತಿಲ್ಲ. ಅದನ್ನು ಜೋಡಿಸುವ ದಿನ, ಯಂತ್ರದ ಮುಂದೆ ನಿಂತು ದುಡಿಯುವವರನ್ನೂ ಕರೆದು ಕೂರಿಸಿ ತಿಳಿಸಿ ಎನ್ನುತ್ತಿದ್ದೇವೆ. ಕೈ ಅವರದು.