ದಿರ್ಹಮ್ ಲೆಕ್ಕ, ಮನೆಯ ಲೆಕ್ಕ

ಹೊಸ ವರ್ಷದ ಸಡಗರ ಮುಗಿದು ತಪಸ್ಸುಕಾಲ ಆರಂಭವಾಗುವುದರೊಳಗೆ ನಮ್ಮ ಕಂಟೋನ್ಮೆಂಟ್ ಭಾಗದ ಅನೇಕ ಕಥೋಲಿಕ ಮನೆಗಳಲ್ಲಿ ಪ್ರತಿವರ್ಷ ಒಂದೇ ಮಾತು ಏಳುತ್ತದೆ. ಕೊಲ್ಲಿ ರಾಷ್ಟ್ರಗಳಲ್ಲಿರುವ ಭಾರತೀಯ ಪಠ್ಯಕ್ರಮದ ಶಾಲೆಗಳು ಏಪ್ರಿಲ್‌ನಲ್ಲಿ ಬಾಗಿಲು ತೆರೆಯುವುದರಿಂದ ಅಲ್ಲಿಗೆ ಬೇಕಾದ ಶಿಕ್ಷಕಿಯರ ಹುಡುಕಾಟ ಈ ತಿಂಗಳುಗಳಲ್ಲೇ ಬಿರುಸಾಗುತ್ತದೆ. ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕಾದಲ್ಲಿ ಭಾನುವಾರದ ಬಲಿಪೂಜೆ ಮುಗಿದ ಮೇಲೆ ಅಂಗಳದಲ್ಲಿ ನಿಂತವರ ಬಾಯಲ್ಲಿ ಬರುವ ಮೊದಲ ಪ್ರಶ್ನೆ, 'ಸಂಬಳ ಎಷ್ಟಂತೆ?' ಉತ್ತರ ದಿರ್ಹಮ್‌ನಲ್ಲಿ ಬರುತ್ತದೆ. ಕೇಳಿದವರು ಅದನ್ನು ಅಲ್ಲೇ ಇಪ್ಪತ್ನಾಲ್ಕರಿಂದ ಗುಣಿಸಿ ಹುಬ್ಬೇರಿಸುತ್ತಾರೆ. ಗುಣಾಕಾರ ಅಲ್ಲಿಗೆ ಮುಗಿಯುತ್ತದೆ. ವ್ಯವಕಲನವನ್ನು ಮಾಡುವವರು ವಿರಳ.

ಗೋಪುರ ಕಟ್ಟಲು ಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕೆಂಬ ದೃಷ್ಟಾಂತವನ್ನು ಸಂತ ಲೂಕನ ಶುಭಸಂದೇಶದಲ್ಲಿ ನಾವೆಲ್ಲ ಕೇಳಿದ್ದೇವೆ. ಈ ವಾರ ಆ ಲೆಕ್ಕವನ್ನೇ ಹಾಕಿ ನೋಡುವುದು ನಮ್ಮ ಉದ್ದೇಶ.

ಇಂಗ್ಲಿಷ್ ಈ ಭಾಗದ ಜನರಿಗೆ ಅನ್ನದ ಭಾಷೆಯಾದದ್ದು ನಿನ್ನೆ ಮೊನ್ನೆಯ ಸಂಗತಿಯಲ್ಲ. ಫ್ರೇಜರ್ ಟೌನ್, ಕಾಕ್ಸ್ ಟೌನ್, ಹಲಸೂರುಗಳ ಕಾನ್ವೆಂಟುಗಳಲ್ಲಿ ಓದಿದ ಹೆಣ್ಣುಮಕ್ಕಳು ಬಿ.ಎಡ್. ಮುಗಿಸಿ ಮತ್ತೆ ಅಂಥ ಶಾಲೆಗಳಲ್ಲೇ ಶಿಕ್ಷಕಿಯರಾಗುವುದು ತಲೆಮಾರುಗಳಿಂದ ನಡೆದು ಬಂದ ರೂಢಿ. ಮನೆಯಲ್ಲಿ ತಮಿಳು, ಕನ್ನಡ, ಕೊಂಕಣಿ ಯಾವುದೇ ಇರಲಿ, ಕರಿಹಲಗೆಯ ಮುಂದೆ ಇಂಗ್ಲಿಷ್. ಈಗ ಇಂದಿರಾನಗರದಲ್ಲಿ ಬಾಡಿಗೆ ಕಟ್ಟಲಾರದೆ ಕೆ.ಆರ್. ಪುರದ ಆಚೆಗೆ ಮನೆ ಮಾಡಿರುವ ಕುಟುಂಬಗಳಿಗೂ ಅದೇ ಭಾಷೆ ವಿದೇಶದ ಬಾಗಿಲಾಗಿ ಕಾಣುತ್ತಿರುವುದು ಸಹಜವೇ ಆಗಿದೆ.

ಉದಾಹರಣೆಗಾಗಿ, ಶಾರ್ಜಾ ಅಥವಾ ದುಬೈಯ ಭಾರತೀಯ ಶಾಲೆಯೊಂದು ಇಂಗ್ಲಿಷ್ ಶಿಕ್ಷಕಿಗೆ ತಿಂಗಳಿಗೆ 4,000 ದಿರ್ಹಮ್ ಕೊಡುತ್ತದೆ ಎಂದಿಟ್ಟುಕೊಳ್ಳೋಣ. ನಮ್ಮ ರೂಪಾಯಿಯಲ್ಲಿ ಅದು ಸುಮಾರು 96,000. ಇಲ್ಲಿ 25,000 ಪಡೆಯುತ್ತಿದ್ದವಳಿಗೆ ಇದು ಕನಸಿನ ಮೊತ್ತ. ವೈಯಕ್ತಿಕ ಆದಾಯ ತೆರಿಗೆಯೂ ಅಲ್ಲಿಲ್ಲ. ಆದರೆ ಒಬ್ಬಳೇ ಹೋಗಿ ಇತರರೊಡನೆ ಕೋಣೆ ಹಂಚಿಕೊಂಡರೂ ಬಾಡಿಗೆಗೆ 1,100, ಊಟಕ್ಕೆ 700, ಓಡಾಟ ಮತ್ತು ದೂರವಾಣಿಗೆ 300 ಎಂದು ಬಿಗಿಯಾಗಿಯೇ ಹಿಡಿದರೆ ಕೈಯಲ್ಲಿ ಉಳಿಯುವುದು 1,900 ದಿರ್ಹಮ್, ಅಂದರೆ ಸುಮಾರು 45,600 ರೂಪಾಯಿ. ಇದು ಸಣ್ಣ ಮೊತ್ತವಲ್ಲ, ಒಪ್ಪೋಣ. ಆದರೆ ಇಲ್ಲಿ ಅವಳ ಮಗುವನ್ನು ನೋಡಿಕೊಳ್ಳಲು ಇಟ್ಟ ಹೆಂಗಸಿನ ಸಂಬಳ, ವರ್ಷಕ್ಕೊಮ್ಮೆ ಜುಲೈ ರಜೆಯಲ್ಲಿ ದುಬಾರಿಯಾಗುವ ವಿಮಾನದ ಟಿಕೆಟ್ಟು, ಹೋಗುವಾಗ ಮಾಡಿದ ಸಾಲದ ಬಡ್ಡಿ ಇವೆಲ್ಲ ಅದರಿಂದಲೇ ಹೋಗಬೇಕು. ಹುಬ್ಬೇರಿಸಿದ್ದ 96,000ದ ಅರ್ಧಕ್ಕಿಂತಲೂ ಕೆಳಗಿನಿಂದ ಮನೆಯ ಲೆಕ್ಕ ಆರಂಭವಾಗುತ್ತದೆ ಎಂಬುದನ್ನು ಮರೆಯಬಾರದು.

ಸಂಸಾರ ಸಮೇತ ಹೋಗುವ ಮಾತು ಬೇರೆ. ಎಮಿರೇಟ್ಸ್‌ನಲ್ಲಿ ಕುಟುಂಬವನ್ನು ಕರೆಸಿಕೊಳ್ಳಬೇಕಾದರೆ ಕನಿಷ್ಠ 4,000 ದಿರ್ಹಮ್ ಸಂಬಳ, ಇಲ್ಲವೆ 3,000 ಮತ್ತು ವಸತಿ ಇರಬೇಕೆಂಬ ನಿಯಮವಿದೆ. ನಿಯಮದ ಗೆರೆ ದಾಟಿದ ಮಾತ್ರಕ್ಕೆ ಸಂಸಾರ ನಡೆದೀತೆಂದು ಭಾವಿಸುವಂತಿಲ್ಲ. ಅಲ್ಲಿ ಬಾಡಿಗೆಯನ್ನು ವರ್ಷದ ಲೆಕ್ಕದಲ್ಲಿ ಹೇಳುತ್ತಾರೆ. ಮುಂದಿನ ದಿನಾಂಕಗಳ ಚೆಕ್ಕುಗಳನ್ನು ಮೊದಲೇ ಬರೆದುಕೊಡಬೇಕು. ಚಿಕ್ಕದೊಂದು ಮನೆಗೆ ವರ್ಷಕ್ಕೆ 45,000 ದಿರ್ಹಮ್ ಎಂದರೂ ತಿಂಗಳಿಗೆ 3,750 ಆಯಿತು. ಇಡೀ ಸಂಬಳ ಗೋಡೆಗಳಿಗೇ ಸಂದಾಯ! ದುಬೈಯಲ್ಲಿ ಫ್ಲಾಟಿನ ವಿದ್ಯುತ್ ಮತ್ತು ನೀರಿನ ಸಂಪರ್ಕಕ್ಕೆ 2,000 ದಿರ್ಹಮ್ ಠೇವಣಿ, ವರ್ಷದ ಬಾಡಿಗೆಯ ಶೇಕಡಾ 5ರಷ್ಟು ವಸತಿ ಶುಲ್ಕ ಬೇರೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ನಲುಗಿದವರಿಗೆ ಮನೆ ಬಿಡುವಾಗ ಅದು ಮರಳುವ ಸಮಾಧಾನವಾದರೂ ಇತ್ತು. ಗಂಡನಿಗೂ ಅಲ್ಲಿ ಕೆಲಸವಿದ್ದರೆ, ಶಾಲೆ ಶಿಕ್ಷಕಿಯ ಮಕ್ಕಳಿಗೆ ಶುಲ್ಕದಲ್ಲಿ ರಿಯಾಯಿತಿ ಕೊಟ್ಟರೆ ಮಾತ್ರ ಈ ಲೆಕ್ಕ ಕೂಡುತ್ತದೆ. ಇವೆರಡೂ ಇಲ್ಲದೆ ಸಂಸಾರವನ್ನು ಎಬ್ಬಿಸಿಕೊಂಡು ಹೋಗುವುದು ಅವಿವೇಕವೆಂದೇ ನಮ್ಮ ಅಭಿಪ್ರಾಯ.

ರೂಪಾಯಿಯ ಇಳಿಕೆ ಇನ್ನೊಂದು ಭ್ರಮೆಯನ್ನು ಹುಟ್ಟಿಸಿದೆ. 2010ರ ಸುಮಾರಿಗೆ ಒಂದು ದಿರ್ಹಮ್‌ಗೆ 12 ರೂಪಾಯಿ ಚಿಲ್ಲರೆ ಇತ್ತು. 2025ರ ಕೊನೆಯಲ್ಲಿ 24 ದಾಟಿತು. ದಿರ್ಹಮ್ ಡಾಲರಿಗೆ ಕಟ್ಟಿಹಾಕಿದ ನಾಣ್ಯವಾದ್ದರಿಂದ ನಮ್ಮ ರೂಪಾಯಿ ಕುಸಿದಷ್ಟೂ ಊರಿಗೆ ಬರುವ ಹಣ ಉಬ್ಬುತ್ತದೆ. ಸಂಬಳ ಒಂದು ದಿರ್ಹಮ್ ಕೂಡ ಏರದ ಶಿಕ್ಷಕಿಯ ಮನೆಯವರು ಆದಾಯ ಇಮ್ಮಡಿಯಾಯಿತೆಂದು ತಿಳಿಯುತ್ತಾರೆ. ಅದೇ ಅವಧಿಯಲ್ಲಿ ಶಾರ್ಜಾದ ಬಾಡಿಗೆಯಾಗಲಿ ಲಿಂಗರಾಜಪುರದ ನಿವೇಶನದ ಬೆಲೆಯಾಗಲಿ ನಿಂತಲ್ಲಿ ನಿಂತಿಲ್ಲವಲ್ಲ.

ಕೊಲ್ಲಿಯಷ್ಟು ಮಾತಿಗೆ ಬಾರದಿದ್ದರೂ ಮಾಲ್ದೀವ್ಸ್ ಕೂಡ ಭಾರತೀಯ ಶಿಕ್ಷಕರನ್ನು ಬಹುಕಾಲದಿಂದ ಕರೆಸಿಕೊಳ್ಳುತ್ತಿದೆ. ಇಲ್ಲಿಂದ ವಿಮಾನದಲ್ಲಿ ಕೆಲವೇ ಗಂಟೆಗಳ ದಾರಿ. ಅಲ್ಲಿನ ತೊಡಕು ಸಂಬಳದ್ದಲ್ಲ, ಸಂಬಳವನ್ನು ಊರಿಗೆ ಕಳಿಸುವುದರದು. ರುಫಿಯಾದಲ್ಲಿ ದುಡಿದ ಹಣವನ್ನು ಡಾಲರ್ ಮಾಡಿ ಕಳಿಸಬೇಕು. ಡಾಲರಿಗೆ ಅಲ್ಲಿ ಬರಗಾಲ. 2025ರ ಅಕ್ಟೋಬರ್‌ನಲ್ಲಿ ಅಲ್ಲಿನ ಭಾರತೀಯ ಸ್ಟೇಟ್ ಬ್ಯಾಂಕ್ ತಿಂಗಳಿಗೆ ಕಳಿಸಬಹುದಾದ ಮಿತಿಯನ್ನು 400 ಡಾಲರಿನಿಂದ 150ಕ್ಕೆ ಇಳಿಸಿದಾಗ ಶಿಕ್ಷಕರು, ದಾದಿಯರು ಕಂಗಾಲಾದರು. ಹೆಚ್ಚಿನದನ್ನು ಹೊರಗಿನ ದರದಲ್ಲಿ ಕೊಂಡು ಕಳಿಸಿದರೆ ಸಂಬಳದ ಒಂದು ಭಾಗ ದಾರಿಯಲ್ಲೇ ಕರಗುತ್ತದೆ. ಒಪ್ಪಂದದ ಪತ್ರದಲ್ಲಿ ಇಂಥ ಸಂಗತಿ ಎಲ್ಲಿಯೂ ಬರೆದಿರುವುದಿಲ್ಲ.

ಪೂರ್ವ ಏಷ್ಯಾದ ಕಡೆ ಕಣ್ಣಿಟ್ಟಿರುವ ಯುವಜನರಿಗೂ ಒಂದು ಮಾತು. ದಕ್ಷಿಣ ಕೊರಿಯ ಇಂಗ್ಲಿಷ್ ಕಲಿಸುವ ವೀಸಾವನ್ನು ಮುಖ್ಯವಾಗಿ ಏಳು ದೇಶಗಳವರಿಗೆ ಮೀಸಲಿಟ್ಟಿದೆ: ಅಮೆರಿಕ, ಬ್ರಿಟನ್, ಕೆನಡ, ಐರ್ಲೆಂಡ್, ಆಸ್ಟ್ರೇಲಿಯ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕ. 2010ರ ಜನವರಿಯಲ್ಲಿ ಜಾರಿಗೆ ಬಂದ ಭಾರತ–ಕೊರಿಯ ಒಪ್ಪಂದದಲ್ಲಿ ಅರ್ಹ ಭಾರತೀಯ ಶಿಕ್ಷಕರನ್ನು ಸಹಾಯಕರಾಗಿ ಸೇರಿಸಿಕೊಳ್ಳಲು ಒಂದು ಕಿಂಡಿ ತೆರೆಯಿತು; ಕಿಂಡಿ ಕಿಂಡಿಯೇ, ಬಾಗಿಲಲ್ಲ. ಕಾಕ್ಸ್ ಟೌನಿನ ಆಂಗ್ಲೋ-ಇಂಡಿಯನ್ ಮನೆಗಳಲ್ಲಿ ಅಜ್ಜಿಯ ಕಾಲದಿಂದ ಇಂಗ್ಲಿಷೇ ಮನೆಮಾತು. ಆದರೂ ಅಲ್ಲಿ ಕೇಳುವುದು ನಾಲಗೆಯನ್ನಲ್ಲ, ಪಾಸ್‌ಪೋರ್ಟನ್ನು. ಒಂದೇ ಪಾಠ, ಒಂದೇ ತರಗತಿ, ಆದರೆ ಪಾಸ್‌ಪೋರ್ಟಿನ ಮೇಲೆ ಬೇರೆ ಬೇರೆ ಸಂಬಳ ಎಂಬುದು ಕೊಲ್ಲಿಯ ಶಾಲೆಗಳಲ್ಲೂ ಕೇಳಿಬರುವ ದೂರೇ. ಅಲ್ಲಿ ಬ್ರಿಟಿಷ್ ಪಠ್ಯಕ್ರಮದ ಶಾಲೆಗೂ ಭಾರತೀಯ ಪಠ್ಯಕ್ರಮದ ಶಾಲೆಗೂ ಸಂಬಳದಲ್ಲಿ ಅಜಗಜಾಂತರವಿದೆ.

ಸಹಿ ಹಾಕುವ ಮುನ್ನ ಒಪ್ಪಂದದಲ್ಲಿ ಮೂಲವೇತನ ಎಷ್ಟೆಂದು ಮೊದಲು ನೋಡಬೇಕು. ಎಮಿರೇಟ್ಸ್ ಕಾನೂನಿನ ಪ್ರಕಾರ ಒಂದು ವರ್ಷ ಪೂರೈಸಿದವರಿಗೆ ಕೆಲಸ ಬಿಡುವಾಗ ಗ್ರಾಚ್ಯುಟಿ ಸಲ್ಲುತ್ತದೆ: ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನಗಳ, ಅನಂತರ 30 ದಿನಗಳ ವೇತನ. ಆದರೆ ಇದು ಮೂಲವೇತನದ ಮೇಲೆ ಮಾತ್ರ. 4,000ದಲ್ಲಿ ಮೂಲವೇತನ 3,000 ಇದ್ದರೆ ವರ್ಷಕ್ಕೆ 2,100 ದಿರ್ಹಮ್ ಕೂಡುತ್ತದೆ. 1,600 ಎಂದು ಬರೆದು ಉಳಿದುದನ್ನು ಭತ್ಯೆ ಎಂದಿದ್ದರೆ 1,120 ಮಾತ್ರ. ಬೇಸಿಗೆ ರಜೆಯ ಎರಡು ತಿಂಗಳಿಗೆ ಸಂಬಳ ಉಂಟೇ, ಟಿಕೆಟ್ಟು ವರ್ಷಕ್ಕೊಮ್ಮೆಯೇ ಎರಡು ವರ್ಷಕ್ಕೊಮ್ಮೆಯೇ ಎಂಬುದನ್ನೂ ಬರವಣಿಗೆಯಲ್ಲೇ ಕೇಳಬೇಕು.

ಏಜೆಂಟರ ವಿಷಯದಲ್ಲಿ ನಮ್ಮವರ ಸಂಕೋಚ ಅತಿಯಾದದ್ದು. 1983ರ ವಲಸೆ ಕಾಯಿದೆಯಡಿ ನೋಂದಾಯಿತನಾದ ಏಜೆಂಟ್ ಅಭ್ಯರ್ಥಿಯಿಂದ ಪಡೆಯಬಹುದಾದ ಗರಿಷ್ಠ ಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿ.ಎಸ್.ಟಿ. ಎಮಿರೇಟ್ಸ್‌ನ 2021ರ ಕಾರ್ಮಿಕ ಕಾನೂನಾದರೋ ನೇಮಕಾತಿಯ ಖರ್ಚನ್ನು ಕೆಲಸಗಾರನ ತಲೆಗೆ ಕಟ್ಟಕೂಡದೆಂದು ಹೇಳುತ್ತದೆ. ಹೀಗಿರುವಾಗ ತಾಯಿಯ ಬಳೆ ಅಡವಿಟ್ಟು ಒಂದೂವರೆ ಲಕ್ಷ ಎಣಿಸಿಕೊಡುವುದೇಕೆ? ನೋಂದಣಿ ಸಂಖ್ಯೆಯನ್ನೂ ರಸೀದಿಯನ್ನೂ ಕೇಳಿದರೆ ಕೆಲಸ ಕೈತಪ್ಪೀತೆಂದು ಹೆದರುವವರಿದ್ದಾರೆ. ಕೇಳಿದ್ದಕ್ಕೆ ಕೈತಪ್ಪುವ ಕೆಲಸ ತಪ್ಪಿಹೋಗುವುದೇ ಲೇಸು.

ಇಲ್ಲಿನ ಶಾಲೆಯನ್ನು ಬಿಡುವಾಗ ಭವಿಷ್ಯನಿಧಿಯ ಹಣವನ್ನೆಲ್ಲ ಬಾಚಿಕೊಂಡು ಹೋಗುವ ಅಭ್ಯಾಸವೂ ಇದೆ. ಪಿಂಚಣಿ ಯೋಜನೆಗೆ ಹತ್ತು ವರ್ಷಗಳ ಸೇವೆ ಬೇಕು. ಎಂಟು ವರ್ಷ ದುಡಿದವಳು ಆ ಹಣವನ್ನು ಹಿಂಪಡೆದರೆ ಎಂಟು ವರ್ಷಗಳೂ ಅಳಿಸಿಹೋಗುತ್ತವೆ; ಅದರ ಬದಲು ಯೋಜನಾ ಪ್ರಮಾಣಪತ್ರ ಪಡೆದಿಟ್ಟುಕೊಂಡರೆ ಮರಳಿ ಬಂದು ಕೆಲಸಕ್ಕೆ ಸೇರಿದಾಗ ಆ ಸೇವೆ ಲೆಕ್ಕಕ್ಕೆ ಬರುತ್ತದೆ. ಮರಳಿ ಬರುವ ಮಾತನ್ನು ಯಾರೂ ಹೊರಡುವಾಗ ಆಡುವುದಿಲ್ಲ. 1990ರ ಆಗಸ್ಟ್‌ನಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ ಒಂದು ಲಕ್ಷ ಎಪ್ಪತ್ತು ಸಾವಿರದಷ್ಟು ಭಾರತೀಯರು ವಿಮಾನಗಳಲ್ಲಿ ಹಿಂದಿರುಗಬೇಕಾಯಿತು. ಎಷ್ಟೋ ಮಂದಿಯ ಉಳಿತಾಯ ಅಲ್ಲಿಯೇ ಉಳಿಯಿತು.

ಇಷ್ಟನ್ನು ಹೇಳಿ, ಹೋಗುವವರನ್ನೇ ದೂರಿ ಸುಮ್ಮನಾದರೆ ನಮ್ಮ ಮಾತು ಅರ್ಧವಾಗುತ್ತದೆ. ಅವರು ಹೋಗುತ್ತಿರುವುದೇಕೆ? ಹೆಸರುವಾಸಿಯಾದ ಇಂಗ್ಲಿಷ್ ಶಾಲೆಗಳು ಇಷ್ಟೊಂದಿರುವ ನಗರದಲ್ಲಿ ಹದಿನೈದು ವರ್ಷ ಪಾಠ ಮಾಡಿದ ಶಿಕ್ಷಕಿ ತನ್ನ ಸಂಬಳದಲ್ಲಿ ಕೆ.ಆರ್. ಪುರದಲ್ಲೂ ಒಂದು ಮನೆ ಹಿಡಿಯಲಾರದಿದ್ದರೆ ಆ ಪ್ರಶ್ನೆ ಏಜೆಂಟರಿಗಲ್ಲ, ನಮಗೆ ಸೇರಿದ್ದು. ಶಿಕ್ಷಕರು ಗ್ರಾಚ್ಯುಟಿ ಕಾಯಿದೆಯ ಅರ್ಥದಲ್ಲಿ ನೌಕರರಲ್ಲವೆಂದು 2004ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತ್ತು. 2009ರಲ್ಲಿ ಸಂಸತ್ತು ತಿದ್ದುಪಡಿ ತಂದು 1997ರ ಏಪ್ರಿಲ್ 3ರಿಂದಲೇ ಅವರಿಗೆ ಆ ಹಕ್ಕು ಕೊಟ್ಟಿತು. ಖಾಸಗಿ ಶಾಲೆಗಳ ಸಂಘಟನೆಗಳು ಅದನ್ನೂ ಪ್ರಶ್ನಿಸಿದವು. 2022ರ ಆಗಸ್ಟ್‌ನಲ್ಲಿ ನ್ಯಾಯಾಲಯ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಪಾಠ ಹೇಳುವವಳಿಗೆ ಹಕ್ಕಿನ ಹಣ ದಕ್ಕಲು ಇಷ್ಟು ವರ್ಷ ಬೇಕಾಯಿತೆಂಬುದು ಹೆಮ್ಮೆಯ ಸಂಗತಿಯಲ್ಲ.

ಜಗದ್ಗುರು 13ನೇ ಲಿಯೋರವರು 1891ರ ತಮ್ಮ ವಿಶ್ವಪತ್ರದಲ್ಲಿ ದುಡಿಯುವವನ ಕೂಲಿ ಅವನ ಮನೆ ನಡೆಯುವಷ್ಟಿರಬೇಕೆಂಬ ತತ್ವವನ್ನು ಎತ್ತಿಹಿಡಿದರು. 2025ರಲ್ಲಿ ಆಯ್ಕೆಯಾದ ಪೋಪರು ಅದೇ ಹೆಸರನ್ನು ಆರಿಸಿಕೊಂಡರು. ಆ ಪತ್ರವನ್ನು ಶಾಲೆಗಳ ಧರ್ಮಶಿಕ್ಷಣದ ತರಗತಿಯಲ್ಲಿ ಓದಿಸುವ ಆಡಳಿತ ಮಂಡಳಿಗಳು ವೇತನ ಪಟ್ಟಿಯನ್ನು ಮುಂದಿಟ್ಟುಕೊಂಡಾಗಲೂ ಒಮ್ಮೆ ಓದಬಹುದು. ಶುಲ್ಕ ಏರಿಸದೆ ಸಂಬಳ ಏರಿಸುವುದು ಹೇಗೆಂಬ ಅವರ ಪ್ರಶ್ನೆಯಲ್ಲಿ ಹುರುಳಿಲ್ಲದಿಲ್ಲ. ಬಡ ಮಕ್ಕಳಿಗೆ ರಿಯಾಯಿತಿ ಕೊಡುವ ಶಾಲೆಗೆ ಆ ಕಷ್ಟ ಇನ್ನೂ ಹೆಚ್ಚು. ಆದರೆ ಹೊಸ ಕಟ್ಟಡಕ್ಕೆ ಒದಗುವ ಹಣ ಹಳೆಯ ಶಿಕ್ಷಕಿಗೆ ಒದಗುವುದಿಲ್ಲವೇಕೆ ಎಂಬುದನ್ನು ಪೋಷಕರೂ ಕೇಳಬೇಕಾಗಿದೆ.

ಅಷ್ಟರವರೆಗೆ ಧರ್ಮಕೇಂದ್ರಗಳು ಮಾಡಬಹುದಾದ ಸಣ್ಣ ಕೆಲಸವೊಂದಿದೆ. ವಿದೇಶದಲ್ಲಿ ಪಾಠ ಮಾಡಿ ಮರಳಿ ಬಂದ ಶಿಕ್ಷಕಿಯರು ಹಲಸೂರಿನಲ್ಲೂ ಇಂದಿರಾನಗರದಲ್ಲೂ ನಮ್ಮ ನಡುವೆಯೇ ಇದ್ದಾರೆ. ವಿಚಾರಣಾ ಗುರುಗಳು ಜನವರಿಯ ಒಂದು ಭಾನುವಾರ ಅಂಥ ಇಬ್ಬರನ್ನು ಕರೆಸಿ, ಅವರು ಸಹಿ ಹಾಕಿದ್ದ ಒಪ್ಪಂದದ ಪ್ರತಿಯನ್ನೂ ಬಾಡಿಗೆಯ ಚೀಟಿಗಳನ್ನೂ ಹೊರಡಲಿರುವವರ ಮುಂದೆ ಬಿಡಿಸಿಡುವಂತೆ ಕೇಳಿಕೊಳ್ಳಲಿ.