ಫ್ರೆಂಚ್ ಭೂತಕಾಲದ ಒಂದು ಕಟ್ಟಳೆ

ಗತಿಸಿದ ಕ್ರಿಯೆಯೊಂದಕ್ಕಿಂತಲೂ ಪೂರ್ವದಲ್ಲಿ ನಡೆದುಹೋದ ಮತ್ತೊಂದು ಕ್ರಿಯೆಯನ್ನು ಸೂಚಿಸಲು ಫ್ರೆಂಚರು ಬಳಸುವ 'ಪ್ಲೂ-ಕ-ಪಾರ್ಫೆ' ಎಂಬ ಕಾಲರೂಪವು ವಿದ್ಯಾರ್ಥಿಗಳು ಭೀತರಾಗುವಷ್ಟು ದುರ್ಗಮವಾದುದೇನೂ ಅಲ್ಲ: 'ಅವ್ವಾರ್' ಅಥವಾ 'ಎತ್ರ್' ಎಂಬ ಸಹಾಯಕ ಕ್ರಿಯಾಪದದ ಅಪೂರ್ಣ ಭೂತರೂಪಕ್ಕೆ ಮುಖ್ಯ ಧಾತುವಿನ ಭೂತಕೃದಂತವನ್ನು ಸೇರಿಸಿದರೆ 'ಝಾವೆ ಪಾರ್ಲೆ', ಎಂದರೆ 'ನಾನು ಮಾತನಾಡಿದ್ದೆನು', ಸಿದ್ಧವಾಗುತ್ತದೆ. ಹೋಗು, ಬರು, ಹುಟ್ಟು, ಸಾಯು ಮೊದಲಾದ ಕೆಲವು ಧಾತುಗಳು 'ಎತ್ರ್' ಅನ್ನೇ ಬಯಸುತ್ತವೆ. ಅವನ್ನು ಕಂಠಪಾಠ ಮಾಡದೆ ಗತ್ಯಂತರವಿಲ್ಲ.

ನನ್ನ ಆಕ್ಷೇಪವಿರುವುದು ಬೇರೆಡೆ. ಕರ್ಮಪದವು ಕ್ರಿಯಾಪದಕ್ಕಿಂತ ಮೊದಲು ಬಂದರೆ 'ಅವ್ವಾರ್' ಜೊತೆಗಿನ ಕೃದಂತವು ಅದರ ಲಿಂಗವಚನಗಳನ್ನು ಧರಿಸತಕ್ಕದ್ದು, ಅನಂತರ ಬಂದರೆ ಧರಿಸತಕ್ಕದ್ದಲ್ಲ ಎಂಬ ಕಟ್ಟಳೆಯನ್ನು, ಹದಿನಾರನೆಯ ಶತಮಾನದಲ್ಲಿ ಕವಿ ಕ್ಲೆಮಾಂ ಮಾರೋ ಇಟಾಲಿಯನ್ ಭಾಷೆಯ ನಿದರ್ಶನವನ್ನು ಮುಂದಿಟ್ಟು ಪ್ರತಿಪಾದಿಸಿದನು. 'ನಾನು ಬರೆದಿದ್ದ ಪತ್ರ' ಎನ್ನುವಾಗ 'ಎಕ್ರಿ' ಎಂಬುದು 'ಎಕ್ರಿತ್' ಆಗುವುದು ಕಿವಿಗೆ ಕೇಳಿಸುತ್ತದೆ, ನಿಜ. ಆದರೆ ಬಹುಪಾಲು ಧಾತುಗಳಲ್ಲಿ ಈ ವ್ಯತ್ಯಾಸವು ಕಾಗದದ ಮೇಲೆ ಕಾಣುವುದೇ ಹೊರತು ನಾಲಗೆಯ ಮೇಲೆ ಸುಳಿಯುವುದಿಲ್ಲ. 1900ರಲ್ಲಿ ಫ್ರಾನ್ಸಿನ ಶಿಕ್ಷಣ ಸಚಿವಾಲಯವೇ ಪರೀಕ್ಷೆಗಳಲ್ಲಿ ಇಂಥ ಕೃದಂತವನ್ನು ಅವಿಕೃತವಾಗಿ ಬಿಡುವುದನ್ನು ಕ್ಷಮಿಸಬೇಕೆಂದು ಆದೇಶಿಸಿತ್ತು; ಫ್ರೆಂಚ್ ಅಕಾಡೆಮಿಯ ವಿರೋಧದಿಂದ ಮರುವರ್ಷವೇ ಆ ವಿನಾಯಿತಿ ಸಂಕುಚಿತವಾಯಿತು. ಪಂಡಿತರ ಹಠವು ಎಲ್ಲ ದೇಶಗಳಲ್ಲಿಯೂ ಒಂದೇ ಬಗೆಯದು!

ಬೆಂಗಳೂರಿನ ಕಾಲೇಜುಗಳಲ್ಲಿ ಫ್ರೆಂಚನ್ನು ದ್ವಿತೀಯ ಭಾಷೆಯಾಗಿ ಓದುವ ನಮ್ಮ ಮಕ್ಕಳ ಉತ್ತರಪತ್ರಿಕೆಗಳನ್ನು ತಿದ್ದುವ ಮಹನೀಯರು, ಕಾಲರೂಪವು ಸರಿಯಾಗಿದ್ದಲ್ಲಿ, ಉಚ್ಚಾರಣೆಗೇ ಬಾರದ ಒಂದು ಅಕ್ಷರಕ್ಕಾಗಿ ಅಂಕವನ್ನು ಕಳೆಯದಿರಲಿ.